ವೃದ್ಧಿಗೆ ವಿಧಿಯೂ ಉಂಟು, ನಿಷೇಧವೂ ಉಂಟು

ನಮ್ಮ ಮನೆಗಳಲ್ಲಿ ಶಿಶುವು ಜನಿಸಿದಾಗ ಆಚರಿಸುವ ಸೂತಕಕ್ಕೆ ವೃದ್ಧಿಯೆಂದು ಹೆಸರಿರುವುದಷ್ಟೆ. ಪಾಣಿನಿಯ ಅಷ್ಟಾಧ್ಯಾಯಿಯ ಮೊದಲ ಪದವೂ ಅದೇ. ಮಂಗಳಾರ್ಥವಾಗಿ ಅದನ್ನು ಮೊದಲಲ್ಲಿಟ್ಟನೆಂದು ಭಾಷ್ಯಕಾರನ ಅಭಿಪ್ರಾಯ. ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಇದನ್ನು ಹೇಳಿಕೊಡುತ್ತ ಬಂದ ನಾವು ವೃದ್ಧಿಯೆಂದರೆ ಶುಭವೇ ಸರಿಯೆಂದು ನಂಬಿದ್ದೆವು. ನಮ್ಮ ಕಣ್ಣೇ ನಮಗೆ ಬೇರೊಂದು ಪಾಠವನ್ನು ಕಲಿಸಿತು.

ಕಳೆದ ವರ್ಷ ಪುಸ್ತಕದ ಸಾಲುಗಳು ನಡುವೆ ಬಾಗಿದಂತೆ ಕಾಣತೊಡಗಿದುವು. ಮೊದಲು ಅಚ್ಚಿನ ದೋಷವೆಂದೆವು. ಬಳಿಕ ದೀಪವನ್ನು ದೂರಿದೆವು. ಮಧುಮೇಹವು ಹದಿನೈದು ವರ್ಷಗಳಿಂದ ನಮ್ಮ ಸಂಗಡವೇ ಇದ್ದರೂ, ಅದು ಕಣ್ಣಿಗೆ ಇಳಿದಿರಬಹುದೆಂಬ ಶಂಕೆಯನ್ನು ಮನಸ್ಸಿನಲ್ಲಿಯೇ ಅದುಮಿಟ್ಟು ನಾಲ್ಕು ತಿಂಗಳು ಕಳೆದೆವು. ಕೊನೆಗೆ ಕಂಡುಹಿಡಿದವಳು ಮೊಮ್ಮಗಳು. ರಾತ್ರಿ ಕಥೆಯನ್ನು ಓದಿಹೇಳುವಾಗ ನಾವು ಪುಟವನ್ನು ನೋಡದೆ ಬಾಯಿಪಾಠವನ್ನು ಒಪ್ಪಿಸುತ್ತಿದ್ದೇವೆಂದು ಅವಳು ಮನೆಯವರೆಲ್ಲರ ಮುಂದೆ ಹೇಳಿಬಿಟ್ಟಳು. ಅದೇ ಕಾಲದಲ್ಲಿ, ಪಾದರಕ್ಷೆ ಕಚ್ಚಿ ಕಾಲಿನಲ್ಲಾಗಿದ್ದ ಹುಣ್ಣೂ ಮಾಯದೆ ನಿಂತಿತ್ತು.

ನೇತ್ರವೈದ್ಯರು ತಾಳ್ಮೆಯಿಂದ ವಿವರಿಸಿದರು. ದೇಹದ ಜೀವಕೋಶಗಳು ತಮ್ಮಿಚ್ಛೆಯಂತೆ ಬೆಳೆಯತಕ್ಕವಲ್ಲ; ವೃದ್ಧಿಕಾರಕಗಳೆಂಬ ಪ್ರೋಟೀನುಗಳು ಕೋಶದ ಹೊರಮೈಯಲ್ಲಿರುವ ಗ್ರಾಹಕಗಳನ್ನು ಕೂಡಿ ಆಜ್ಞೆಯನ್ನು ಮುಟ್ಟಿಸುತ್ತವೆ. ಒಂದೇ ಪ್ರತ್ಯಯವು ಬೇರೆ ಬೇರೆ ಪ್ರಕೃತಿಗಳಿಗೆ ಹತ್ತಿ ಬೇರೆ ಬೇರೆ ಅರ್ಥವನ್ನು ಕೊಡುವಂತೆ, ಒಂದೇ ಕಾರಕವು ಒಂದು ಕೋಶವನ್ನು ಬೆಳೆಯೆನ್ನುತ್ತದೆ, ಮತ್ತೊಂದನ್ನು ನಿಲ್ಲೆನ್ನುತ್ತದೆ. ಬೀಟಾ ಎಂಬ ರೂಪಾಂತರಕ ಕಾರಕವು ಮೇಲ್ಪದರದ ಕೋಶಗಳ ವಿಭಜನೆಯನ್ನು ತಡೆಯುವುದು. ಗಾಯದಲ್ಲಿ ಅದೇ ನಾರನ್ನು ಹೆಚ್ಚಿಸಿ ಕಲೆಗಟ್ಟಿಸುವುದು.

ಈ ಶಾಸ್ತ್ರದ ಆರಂಭವೂ ಕುತೂಹಲಕರವಾದುದು. ಇಟಲಿಯಲ್ಲಿ 1938ರ ಶಾಸನವು ಯೆಹೂದ್ಯರನ್ನು ವಿಶ್ವವಿದ್ಯಾಲಯಗಳಿಂದ ಹೊರಗಟ್ಟಿದಾಗ, ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ವಿದುಷಿಯು ತನ್ನ ಮಲಗುವ ಕೋಣೆಯಲ್ಲಿಯೇ ಕೋಳಿಯ ಭ್ರೂಣಗಳ ನರಗಳನ್ನು ಪರೀಕ್ಷಿಸಿದಳು. ಮುಂದೆ ಅಮೆರಿಕೆಯಲ್ಲಿ ನರವೃದ್ಧಿಕಾರಕವನ್ನು ಕಂಡಳು. ಆಕೆಯ ಸಹೋದ್ಯೋಗಿ ಸ್ಟ್ಯಾನ್ಲಿ ಕೋಹೆನ್ ಎಳೆಯ ಇಲಿಮರಿಗಳಿಗೆ ಲಾಲಾಗ್ರಂಥಿಯ ಸಾರವನ್ನು ಚುಚ್ಚಲು, ಅವು ಕಾಲಕ್ಕೆ ಮುಂಚೆಯೇ ಕಣ್ತೆರೆದುವು. ಅದರಿಂದ ಚರ್ಮವೃದ್ಧಿಕಾರಕವು ಬೆಳಕಿಗೆ ಬಂದಿತು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು.

ನಮ್ಮ ಕಣ್ಣಿನಲ್ಲಿ ನಡೆದುದು ಇದು: ಸಕ್ಕರೆಯಿಂದ ಸೂಕ್ಷ್ಮ ರಕ್ತನಾಳಗಳು ಕೆಟ್ಟು, ಅಕ್ಷಿಪಟಲಕ್ಕೆ ಪ್ರಾಣವಾಯುವು ಸಾಲದೆ ಹೋಯಿತು. ಅದು ರಕ್ತನಾಳಗಳನ್ನು ಬೆಳೆಯಿಸುವ ಕಾರಕವನ್ನು ಅತಿಯಾಗಿ ಕರೆಯಿತು. ಆ ಕಾರಕದಿಂದ ನಾಳಗಳು ಸೋರಿ, ದೃಷ್ಟಿಯ ನಡುಭಾಗವು ನೀರುಗಟ್ಟಿತು. ಕಾಲಿನ ಹುಣ್ಣಿಗಾದರೋ ಅದೇ ಕಾರಕವು ಬೇಕಾಗಿದ್ದಿತು. ಮಧುಮೇಹದಲ್ಲಿ ಅಲ್ಲಿ ಅದರ ಬಲ ಕುಂದುವುದಂತೆ. ಒಂದೇ ಮನೆಯ ಒಂದು ಕೋಣೆಯಲ್ಲಿ ಕ್ಷಾಮ, ಇನ್ನೊಂದರಲ್ಲಿ ನೆರೆ!

ಆ ಕಾರಕವನ್ನು ತಡೆಯುವ ಔಷಧವನ್ನು ತಿಂಗಳಿಗೊಮ್ಮೆ ಕಣ್ಣೊಳಗೆ ಚುಚ್ಚಿದರು. ಸೂಜಿಗಿಂತ ಅದರ ಭಯವೇ ನಮ್ಮನ್ನು ಹೆಚ್ಚು ನೋಯಿಸಿತು. ಬಲಗಣ್ಣಿನ ಸಾಲುಗಳು ನೆಟ್ಟಗಾದುವು. ಎಡಗಣ್ಣಿನಲ್ಲಿ, ನಾವು ಮುಚ್ಚಿಟ್ಟ ನಾಲ್ಕು ತಿಂಗಳ ಗುರುತು ಉಳಿದೇ ಇದೆ. ಸಕ್ಕರೆಯನ್ನು ಹತೋಟಿಗೆ ತಂದು, ಕಾಲಿನ ಮೇಲೆ ಭಾರ ಹಾಕದೆ ಆರೈಕೆ ಮಾಡಿದುದರಿಂದ ಹುಣ್ಣು ಮಾಯಿತು.

ವ್ಯಾಕರಣದಲ್ಲಿಯೂ ವೃದ್ಧಿಗೆ ವಿಧಿಯಿರುವಂತೆ ನಿಷೇಧವೂ ಉಂಟು. ಇದನ್ನು ಬಲ್ಲ ನಾವೇ ಮರೆತಿದ್ದೆವು. ಮಧುಮೇಹವುಳ್ಳ ವಾಚಕರು ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ.

ಮೊಮ್ಮಗಳು ಈಗ ನಮ್ಮ ಬಾಯಿಪಾಠವನ್ನು ನಂಬುವುದಿಲ್ಲ. ದಿನವೂ ನಾವು ಓದದಿರುವ ಹೊಸ ಪುಸ್ತಕವನ್ನೇ ತಂದು ಮುಂದಿಡುತ್ತಾಳೆ.