ಕಾಕಾ ಗುಮ್ಮಟ ತೋರಿಸಿದ ದಿನ

ಗೋಳಗುಮ್ಮಟ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಒಂಬತ್ತು ಗಂಟೆ ದಾಟಿತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ, ಮೇಲಿನ ಗ್ಯಾಲರಿಯಲ್ಲಿ ಕೂಗಾಟ ಶುರುವಾಗುತ್ತದೆ. ಆಮೇಲೆ ಅಲ್ಲಿ ಯಾರ ಮಾತು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ನಮ್ಮ ಕಾಕಾ ನಸುಕಿನಲ್ಲೇ ಎದ್ದು, ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ಒಂದು ಬೆಂಕಿಪೊಟ್ಟಣ, ಒಂದು ಹಳೇ ಪೇಪರಿನ ತುಂಡು ಇಟ್ಟುಕೊಂಡು ಮನೆ ಬಿಡುತ್ತಿದ್ದರು. ಕಾಕಾ ಬೀಡಿ ಸೇದುವವರಲ್ಲ. ಗ್ಯಾಲರಿಯ ಒಂದು ಬದಿಯಲ್ಲಿ ನಿಂತು ಕಡ್ಡಿ ಗೀರಿದರೆ ಎದುರು ಬದಿಯಲ್ಲಿ ಕೂತವರಿಗೆ ಆ 'ಸರ್' ಎನ್ನುವ ಸದ್ದು ಕಿವಿಯ ಹತ್ತಿರವೇ ಕೇಳುತ್ತದೆ. ಪೇಪರು ಹರಿದರೂ ಅಷ್ಟೇ. ಗೈಡ್ ಕೆಲಸಕ್ಕೆ ಅವರಿಗಿದ್ದ ಸಲಕರಣೆ ಅವೆರಡೇ.

ನಮ್ಮ ಊರು ಬಿಜಾಪುರಕ್ಕೆ ವಿಜಯಪುರ ಎಂಬ ಹೆಸರು ಸರಕಾರಿ ಕಾಗದಕ್ಕೆ ಬಂದದ್ದು 2014ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೆ ಬಹಳ ಮುಂಚಿನ ಮಾತು. ಸೊಲ್ಲಾಪುರದ ಕಡೆಯಿಂದ ಮೀಟರ್ ಗೇಜ್ ರೈಲು ಬರುತ್ತಿದ್ದ ಕಾಲ. ಸ್ಟೇಷನ್ನಿನ ಹೊರಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಗುಮ್ಮಟ, ಆಮೇಲೆ ಟಾಂಗಾಗಳು. ನಮ್ಮ ಅಜ್ಜನೂ ಅಲ್ಲಿಯೇ ಟಾಂಗಾ ಹೊಡೆಯುತ್ತಿದ್ದವರು. 1880ರ ದಶಕದಲ್ಲಿ ರೈಲು ಬಂತು, 1885ರಲ್ಲಿ ಬಿಜಾಪುರ ಜಿಲ್ಲಾ ಕೇಂದ್ರವಾಯಿತು, 1892ರಲ್ಲಿ ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ತೆರೆಯಿತು. ಹಾಗೆ ನೋಡಲು ಬರುವ ಸಾಹೇಬರು ಹೆಚ್ಚಿದ ಹಾಗೆ, ಅವರನ್ನು ಕರೆದೊಯ್ಯುವ ಟಾಂಗಾದವರೇ ಇಬ್ರಾಹಿಂ ರೋಜಾ ಯಾರ ಗೋರಿ, ಮಲಿಕ್ ಎ ಮೈದಾನ್ ತೋಪು ಎಲ್ಲಿಂದ ಬಂತು ಎಂದು ಹೇಳಲು ಕಲಿತರು. ಸಾಹೇಬರ ಕೈಯಲ್ಲಿ ಮರ್ರೆಯವರ ಕೈಪಿಡಿ ಇರುತ್ತಿತ್ತು. ಲಂಡನ್ನಿನ ಆ ಪ್ರಕಾಶಕರು ಮದರಾಸು ಮತ್ತು ಮುಂಬಯಿ ಸೀಮೆಗಳಿಗೆ 1859ರಷ್ಟು ಹಿಂದೆಯೇ ಪ್ರವಾಸದ ಕೈಪಿಡಿ ತಂದಿದ್ದರು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದವನಿಗೆ ಒಂದಾಣೆ ಹೆಚ್ಚು ಸಿಗುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರಂತೆ. ಹೊರಡುವಾಗ ಸಾಹೇಬರು ಬರೆದುಕೊಟ್ಟ ಶಿಫಾರಸಿನ ಚೀಟಿಗಳನ್ನು ಅವರು ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಓದಲು ಅವರಿಗೆ ಬರುತ್ತಿರಲಿಲ್ಲ. ಮುಂದೆ ಬರುವ ಸಾಹೇಬ ಓದಿ ನಂಬಿದರೆ ಸಾಕಿತ್ತು.

ಕಾಕಾನ ಕಾಲಕ್ಕೆ ಚೀಟಿ ಹೋಗಿ ಲೈಸೆನ್ಸು ಬಂತು. 1959ರ ಸ್ಮಾರಕ ನಿಯಮಗಳಲ್ಲಿ ಒಂದು ಮಾತಿದೆ: ಸಂರಕ್ಷಿತ ಸ್ಮಾರಕದೊಳಗೆ ಹಣ ಪಡೆದು ಯಾರಿಗಾದರೂ ಸುತ್ತಾಡಿಸಿ ತೋರಿಸಬೇಕಾದರೆ ಪುರಾತತ್ವ ಅಧಿಕಾರಿಯ ಲೈಸೆನ್ಸು ಬೇಕು. ಕಾಕಾನಿಗೆ ಈ ಸಾಲು ಬಾಯಿಪಾಠ. ಸಂಕ್ರಾಂತಿಯ ಆಸುಪಾಸು ಹೊಲದಲ್ಲಿ ಕುಳ್ಳಿನ ಬೆಂಕಿ ಹಾಕಿ ಸೀತನಿ ಸುಡುವಾಗ, ಜೋಳದ ತೆನೆ ತಿಕ್ಕಿ ಕೈಗೆ ಹಾಕುತ್ತಲೇ, "ಸರಕಾರ ನಮ್ಮ ಕೆಲಸಾನ ಕಾನೂನಿನಾಗ ಬರದೈತಿ, ತಿಳೀತೇನು?" ಎನ್ನುತ್ತಿದ್ದರು. ಟಾಂಗಾದವನ ಮಗನಿಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಆ ದಿನ ನನಗೆ ರಜೆ. ಕಾಕಾನ ಸೈಕಲ್ಲಿನ ಹಿಂದೆ ಕೂತು ನಾನೂ ಹೋಗಿದ್ದೆ. ಗೇಟಿನ ಹತ್ತಿರ ಒಂದು ಬಸ್ಸು ಆಗಲೇ ನಿಂತಿತ್ತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಇಳಿದರು. ಜೊತೆಗಿದ್ದ ಮಾಸ್ತರರು ಕಾಕಾನನ್ನು ಪಕ್ಕಕ್ಕೆ ಕರೆದು, "ನಮ್ಮ ಹುಡುಗರಿಗೆ ಕಣ್ಣು ಕಾಣೂದಿಲ್ರಿ. ತೋರಸ್ತೀರೇನು?" ಎಂದು ಕೇಳಿದರು. ಆ 'ತೋರಸ್ತೀರೇನು' ಎಂಬ ಮಾತು ಅವರ ಬಾಯಿಂದ ಎಷ್ಟು ಸಹಜವಾಗಿ ಬಂತೆಂದರೆ ಕಾಕಾ ಬೇರೆ ಯೋಚನೆಯನ್ನೇ ಮಾಡಲಿಲ್ಲ. "ಬರ್ರಿ" ಎಂದರು.

ಒಳಗೆ ಹೋದ ಮೇಲೆ ತೊಡಕಾಯಿತು. ಕಾಕಾ ದಿನವೂ ಹೇಳುವ ವರಸೆಯಲ್ಲೇ ಶುರುಮಾಡಿದರು. ಇದು ಮಹಮ್ಮದ್ ಆದಿಲ್ ಶಾಹನ ಗೋರಿ, ಆತ 1627ರಿಂದ 1656ರವರೆಗೆ ಆಳಿದ, ಒಳಗಡೆ ಗುಮ್ಮಟದ ಅಡ್ಡಳತೆ 124 ಅಡಿ, ನಡುವೆ ಒಂದೂ ಕಂಬವಿಲ್ಲ, ಮೇಲೆ ನೋಡ್ರಿ... ಅಲ್ಲಿಗೆ ನಿಂತುಬಿಟ್ಟರು. ಅವರ ಮಾತಿನ ತುಂಬ 'ನೋಡ್ರಿ'ಯೇ ಇತ್ತು. ಅದನ್ನು ತೆಗೆದರೆ ಉಳಿಯುವುದು ಬರೀ ಅಂಕಿ. ಮುಂದೆ ನಿಂತಿದ್ದ ಹತ್ತು-ಹನ್ನೊಂದು ವರ್ಷದ ಹುಡುಗ ಕೇಳಿದ: "124 ಅಡಿ ಅಂದ್ರ ಎಷ್ಟ್ ಆತ್ರಿ?"

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಹುಡುಗನ ಕೈ ಹಿಡಿದು ಗೋಡೆಯ ಮೂಲೆಗೆ ಕರೆದೊಯ್ದು, ಅಂಗೈಯನ್ನು ಕಲ್ಲಿಗೆ ಹಚ್ಚಿ, "ಈ ಗ್ವಾಡಿ ಹಿಡಕೊಂಡು ಆ ಮೂಲೀ ಸಿಗೂತನಕ ನಡಿ, ಹೆಜ್ಜಿ ಎಣಸು" ಎಂದರು. ಅಲ್ಲಿ ಒಂದೊಂದು ಬದಿಯೂ ಸುಮಾರು 135 ಅಡಿ. ಒಬ್ಬರ ಹಿಂದೆ ಒಬ್ಬರು ಮಕ್ಕಳೆಲ್ಲ ಗೋಡೆ ಸವರುತ್ತ ಹೊರಟರು. ಅರ್ಧ ದಾರಿಗೆ ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಶುರುಮಾಡಿದರು. ಒಬ್ಬ ಹುಡುಗ ನಡುವೆ ನಿಂತು ಚಪ್ಪಾಳೆ ತಟ್ಟಿದ. ಸದ್ದು ಮೇಲೆ ಹೋಗಿ, ತಿರುಗಿ ಬಂದು, ಬಹಳ ಹೊತ್ತು ಸುತ್ತಾಡಿತು. "ಮಾಳಗಿ ಭಾಳ ಎತ್ತರ ಐತಿ, ಮತ್ತ ಗುಂಡಗ ಐತಿ" ಎಂದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಕಾಕಾ ಮಾಸ್ತರರ ಮುಖ ನೋಡಿದರು, ಮಾಸ್ತರರು ನಕ್ಕರು.

ಮೇಲೆ ಹತ್ತುವಾಗಲೂ ನಮಗೆ ಅನುಮಾನವಿತ್ತು. ನಾಲ್ಕು ಮೂಲೆಯ ಏಳು ಅಂತಸ್ತಿನ ಗೋಪುರಗಳೊಳಗೆ ಸುತ್ತಿಕೊಂಡು ಹೋಗುವ ಮೆಟ್ಟಿಲು ಕಡಿದು, ಇಕ್ಕಟ್ಟು, ಬೆಳಕು ಅಷ್ಟಕ್ಕಷ್ಟೇ. ಕಣ್ಣಿದ್ದವರು ಅಲ್ಲಿ ಗೋಡೆ ಹಿಡಿದು, ಏದುಸಿರು ಬಿಡುತ್ತ, 'ಇನ್ನೂ ಎಷ್ಟು' ಎಂದು ಕೇಳುತ್ತ ಹತ್ತುತ್ತಾರೆ. ಈ ಮಕ್ಕಳು ಮೊದಲ ನಾಲ್ಕು ಮೆಟ್ಟಿಲಿನಲ್ಲೇ ಎತ್ತರದ ಅಳತೆ ಹಿಡಿದು ಸರಸರ ಏರಿಬಿಟ್ಟರು. ಹಿಂದೆ ಉಳಿದವನು ನಾನೇ.

ಗ್ಯಾಲರಿಗೆ ಹೋಗಲು ಗುಮ್ಮಟದ ಗೋಡೆಯ ದಪ್ಪವನ್ನೇ ಕೊರೆದ ಬಾಗಿಲುಗಳಿವೆ. ತಗ್ಗಿದ ಆ ದಾರಿಯಲ್ಲಿ ಹಾದು ಒಳಗೆ ಕಾಲಿಟ್ಟ ಕೂಡಲೇ ನಮ್ಮ ಹೆಜ್ಜೆಯ ಸದ್ದೇ ಬೇರೆಯಾಗುತ್ತದೆ. ಮಾಸ್ತರರು ಹೇಳುವ ಅಗತ್ಯವೇ ಬೀಳಲಿಲ್ಲ, ಮಕ್ಕಳೆಲ್ಲ ತಾವಾಗಿಯೇ ಮಾತು ನಿಲ್ಲಿಸಿದರು. ಅಷ್ಟು ನಿಶ್ಶಬ್ದವಾದ ಗುಂಪನ್ನು ಕಾಕಾ ಅದುವರೆಗೆ ಕಂಡಿರಲಿಲ್ಲವಂತೆ. ಅರ್ಧ ಮಕ್ಕಳನ್ನು ಈಚೆ, ಅರ್ಧ ಮಕ್ಕಳನ್ನು ಆಚೆ ಗೋಡೆಗೆ ಒರಗಿಸಿ ಕೂರಿಸಿ ಕಾಕಾ ಕಡ್ಡಿ ಗೀರಿದರು. ಪೇಪರು ಹರಿದರು. ಆಚೆಯಿಂದ ಒಂದು ಹುಡುಗಿ ಪಿಸುಮಾತಿನಲ್ಲಿ, "ಮೊದಲನೇದು ಕಡ್ಡಿ, ಎರಡನೇದು ಪೇಪರು, ಈಗ ನೀವು ಜೇಬಿನಾಗ ಏನೋ ಇಟ್ರಿ" ಎಂದಳು. ಬೆಂಕಿಪೊಟ್ಟಣವನ್ನು ಜೇಬಿಗಿಟ್ಟ ಸದ್ದೂ ಅವಳಿಗೆ ಮುಟ್ಟಿತ್ತು.

ದನಿ ಬಾಗಿದ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ, ಚದುರಿ ಹೋಗುವುದಿಲ್ಲ, ಅದಕ್ಕೇ ಆಚೆ ಕೇಳುತ್ತದೆ. ಇಂಥ ಪಿಸುಮಾತಿನ ಗ್ಯಾಲರಿಗಳ ಮೇಲೆ ಸರ್ ಸಿ. ವಿ. ರಾಮನ್ ಅವರೂ 1920ರ ದಶಕದ ಮೊದಲಿಗೆ ಅಧ್ಯಯನ ಮಾಡಿದ್ದರು. ಕಾಕಾನಿಗೆ ಅದು ಗೊತ್ತಿರಲಿಲ್ಲ, ನಾನು ಆಮೇಲೆ ಓದಿದ್ದು. ಕಾಕಾನಿಗೆ ಗೊತ್ತಿದ್ದದ್ದು ಪ್ರತಿಧ್ವನಿ ಏಳು ಸಲ ಬರುತ್ತದೆ ಎಂಬುದು. ಬಿಜಾಪುರದ ಗೈಡುಗಳೆಲ್ಲ ಏಳೇ ಹೇಳುವುದು. ಚಪ್ಪಾಳೆ ತಟ್ಟಿ, ಏಳು ಎಂದರು. ಕೆಳಗೆ ಹೆಜ್ಜೆ ಎಣಿಸಿದ ಅದೇ ಹುಡುಗ, "ಒಂಬತ್ತು ರೀ. ಕಡೀವು ಎರಡು ಭಾಳ ಸಣ್ಣವು" ಎಂದ. ಮತ್ತೊಮ್ಮೆ ತಟ್ಟಿಸಿದ. ನನಗೆ ಐದರ ಮೇಲೆ ಕೇಳಲೇ ಇಲ್ಲ. ಕಾಕಾ ಕಣ್ಣು ಮುಚ್ಚಿಕೊಂಡು ಎಣಿಸಿದರು. ಎಂಟನೆಯದು ಸಿಕ್ಕಿತು, ಒಂಬತ್ತನೆಯದು ಸಿಗಲಿಲ್ಲ.

ಆಮೇಲೆ ಅವರು ರಂಭಾಳ ಕತೆಗೆ ಬಂದರು. ಕೆಳಗಿನ ಕಟ್ಟೆಯ ಮೇಲೆ ಬಾದಶಹನ ಜೊತೆ ಅವನ ರಾಣಿಯರು, ಮಗಳು, ಮೊಮ್ಮಗನ ಗುರುತಿನ ಗೋರಿಗಳಿವೆ. ರಂಭಾ ಎಂಬ ನರ್ತಕಿಯದೂ ಇದೆ. ನಿನ್ನ ಪ್ರೀತಿ ನಿಜವಾದರೆ ತೋರಿಸು ಎಂದು ಬಾದಶಹ ಕೇಳಿದ, ಅವಳು ಈ ಗ್ಯಾಲರಿಯಿಂದಲೇ ಕೆಳಗೆ ಹಾರಿದಳು ಎಂಬುದು ಕತೆ. ಕಾಕಾ ಅದನ್ನು ಹೇಳುವ ರೀತಿಗೆ ದೊಡ್ಡವರೂ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆ ದಿನವೂ ಹಾಗೇ ಹೇಳಿದರು. ಮುಗಿದ ಮೇಲೆ ಆಚೆ ಬದಿಯ ಆ ಹುಡುಗಿಯ ದನಿ ಗೋಡೆಗುಂಟ ಬಂತು: "ಇದು ಖರೇ ಏನ್ರಿ?"

ಈ ಪ್ರಶ್ನೆ ಎಷ್ಟು ಹಳೆಯದು ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಪಿರಮಿಡ್ ನೋಡಲು ಹೋಗಿದ್ದು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ. ಅಲ್ಲಿನ ದುಭಾಷಿ ಕಲ್ಲಿನ ಬರಹ ತೋರಿಸಿ, ಕಟ್ಟಿದ ಆಳುಗಳ ಮೂಲಂಗಿ, ಉಳ್ಳಾಗಡ್ಡಿ, ಬೆಳ್ಳುಳ್ಳಿಗೇ 1,600 ಟ್ಯಾಲೆಂಟ್ ಬೆಳ್ಳಿ ಖರ್ಚಾಯಿತು ಎಂದು ಓದಿ ಹೇಳಿದ. ಹೆರೊಡೋಟಸ್ ಅದನ್ನು ಬರೆದಿಟ್ಟ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗ್ರೀಸ್ ಸುತ್ತಿದ ಪೌಸಾನಿಯಸ್, ಆರ್ಗೋಸ್ ಊರಿನ ಗೈಡುಗಳಿಗೆ ತಾವು ಹೇಳುವುದೆಲ್ಲ ನಿಜವಲ್ಲ ಎಂದು ಗೊತ್ತಿದ್ದರೂ ಹೇಳುತ್ತಾರೆ ಎಂದು ದೂರಿದ್ದಾನೆ. ಡೆಲ್ಫಿಯ ಗೈಡುಗಳು ಚಿಕ್ಕದಾಗಿ ಮುಗಿಸಿ ಎಂದು ಬೇಡಿಕೊಂಡರೂ ಕಲಿತ ಪಾಠವನ್ನು ಪೂರ್ತಿ ಒಪ್ಪಿಸಿಯೇ ಬಿಡುತ್ತಿದ್ದರು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಥಾಮಸ್ ಕುಕ್ ಎಂಬಾತ 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಫ್‌ಬರೋ ಎಂಬ ಊರಿಗೆ ತಲೆಗೊಂದು ಶಿಲಿಂಗ್ ಪಡೆದು ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದ ಎನ್ನುವುದರಿಂದ ಪ್ರವಾಸೋದ್ಯಮದ ಇತಿಹಾಸ ಶುರುಮಾಡುವವರಿದ್ದಾರೆ. ಟಿಕೀಟು ಮಾರುವ ವ್ಯಾಪಾರಕ್ಕೆ ಅದು ಸರಿ. ತೋರಿಸುವ ಕೆಲಸ ಮಾತ್ರ ಅದಕ್ಕಿಂತ ಎರಡು ಸಾವಿರ ವರ್ಷ ಹಿಂದಿನದು, ಅದರ ಮೇಲಿನ ದೂರೂ ಬಹಳ ಹಳೆಯದು. ದೂರು ಬರೆದವರ ಹೆಸರುಗಳು ಉಳಿದಿವೆ. ಆ ದೂರುಗಳಲ್ಲಿ ಗೈಡುಗಳ ಹೆಸರುಗಳಿಲ್ಲ. ಅದು ನನಗೆ ಈಗಲೂ ಸಂಕಟದ ವಿಷಯ. ಆ ಊರುಗಳ ಕತೆ ಅವರಿಗೆ ತಿಳಿದದ್ದೇ ಅಂಥವರ ಬಾಯಿಂದ.

ಕಾಕಾ ಹುಡುಗಿಗೆ ಉತ್ತರ ಕೊಡಲು ತಡಮಾಡಿದರು. ಇಲ್ಲ ಎಂದರೆ ಕತೆ ಸತ್ತಿತು, ಹೌದು ಎಂದರೆ ಸುಳ್ಳಾಯಿತು. ಕೊನೆಗೆ ಅವರೂ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರು: "ರಂಭಾ ಇದ್ದದ್ದು ಖರೇ, ಗೋರಿ ಇರೂದೂ ಖರೇ. ಹಾರಿದ್ದು ಮಂದಿ ಹೇಳೂ ಮಾತು. ನಮ್ಮಪ್ಪ ನನಗ ಹೇಳಿದ, ನಾ ನಿನಗ ಹೇಳಿದೆ." ಹುಡುಗಿ, "ಹಂಗಾದ್ರ ಅಡ್ಡಿಯಿಲ್ರಿ" ಎಂದಳು. ಆ ದಿನದಿಂದ ಕಾಕಾ ರಂಭಾಳ ಕತೆಯನ್ನು 'ಮಂದಿ ಹೇಳೂದು ಏನಂದ್ರ' ಎಂದೇ ಶುರುಮಾಡುತ್ತಿದ್ದರು. ಕೇಳಿದವರು ಕಣ್ಣೊರೆಸಿಕೊಳ್ಳುವುದೇನೂ ಕಡಿಮೆಯಾಗಲಿಲ್ಲ.

ಗುಮ್ಮಟಕ್ಕೇ ಮುಗಿಸಬೇಕಿತ್ತು, ಆದರೆ ಕಾಕಾ ಬಿಡಲಿಲ್ಲ. ಊರಿನ ಪಶ್ಚಿಮಕ್ಕಿರುವ ಶೆರ್ಜಾ ಬುರುಜಿಗೆ ಬಸ್ಸು ಹೊಡೆಸಿದರು. ಅಲ್ಲಿದೆ ಮಲಿಕ್ ಎ ಮೈದಾನ್, 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ತೋಪು. ಹದಿನಾಲ್ಕು ಅಡಿಗೂ ಹೆಚ್ಚು ಉದ್ದ, 55 ಟನ್ ತೂಕ. ಈ ಸಲ ಕಾಕಾ ಅಂಕಿ ಹೇಳಲಿಲ್ಲ. ಮಕ್ಕಳ ಕೈಗಳನ್ನು ಒಂದೊಂದಾಗಿ ಹಿಡಿದು ತೋಪಿನ ಬಾಯಿಯ ಮೇಲಿಟ್ಟರು. ಅಲ್ಲಿ ಬಾಯಿ ತೆರೆದ ಸಿಂಹದ ಮುಖವಿದೆ, ಅದರ ಹಲ್ಲುಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತಿರುವ ಆನೆಯಿದೆ. ನಾನು ಆ ತೋಪನ್ನು ಎಷ್ಟೋ ಸಲ ನೋಡಿದ್ದೆ, ಆನೆಯನ್ನು ಗಮನಿಸಿರಲಿಲ್ಲ. ಒಬ್ಬ ಹುಡುಗ ಬೆರಳಾಡಿಸುತ್ತ, "ಇದು ಕೋರೆಹಲ್ಲು... ಇದು ಸೊಂಡಿ... ಅಯ್ಯೋ, ಇದರ ಬಾಯಾಗ ಆನಿ ಐತಿ!" ಎಂದು ಕೂಗಿದ ಮೇಲೆ ಬಗ್ಗಿ ನೋಡಿದೆ. ಬಿಸಿಲು ಏರಿತ್ತು, ಆದರೂ ಲೋಹ ತಣ್ಣಗಿತ್ತು. ಬೆರಳಗಂಟಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತಿತ್ತು. ಎಲ್ಲರೂ ಬಡಿದರು. ತೋಪು ಹಾರಿಸಿದವನು ಕಿವಿ ಕಿವುಡಾಗದಿರಲೆಂದು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂಬ ಮಾತನ್ನು ಕಾಕಾ ಹೇಳಿದಾಗ ಮಕ್ಕಳು ಅದನ್ನು ಬಹಳ ಮನಸ್ಸಿಟ್ಟು ಕೇಳಿದರು. ಕಿವಿಯ ಬೆಲೆ ಅವರಿಗೆ ಗೊತ್ತಿತ್ತು. ಆಮೇಲೆ 1854ರ ಹರಾಜಿನ ಸಂಗತಿ: ಬ್ರಿಟಿಷರು ಇದನ್ನು ಮಾರಲು ಹೊರಟಾಗ ಬಂದ ಹೆಚ್ಚಿನ ಸವಾಲು 150 ರೂಪಾಯಿ, ಅಷ್ಟಕ್ಕೆ ಕೊಡುವುದು ಬೇಡವೆಂದು ಒಬ್ಬ ಅಧಿಕಾರಿ ತಡೆದ. "ಕೊಟ್ಟಿದ್ರ ಕರಗಿಸಿಬಿಡ್ತಿದ್ರು" ಎಂದರು ಕಾಕಾ. ಆನೆಯನ್ನು ಕಂಡುಹಿಡಿದ ಹುಡುಗ ತೋಪನ್ನು ಎರಡೂ ತೋಳಿಂದ ತಬ್ಬಿ ಹಿಡಿದ.

ಹೊರಡುವಾಗ ಮಾಸ್ತರರು ಸಂಕೋಚದಿಂದ ಫೀ ಎಷ್ಟೆಂದು ಕೇಳಿದರು. ಕಾಕಾ ಬೇಡ ಎನ್ನುತ್ತಾರೆಂದು ನಾನು ಅಂದುಕೊಂಡಿದ್ದೆ. ಪೂರ್ತಿ ಫೀ ಹೇಳಿದರು, ಎಣಿಸಿ ತೆಗೆದುಕೊಂಡರು. ಸೈಕಲ್ ಹತ್ತುವಾಗ ನಾನು ಮುಖ ಸಣ್ಣದು ಮಾಡಿಕೊಂಡದ್ದನ್ನು ನೋಡಿ ಹೇಳಿದರು: "ಪುಕ್ಕಟ ತೋರಸಿದ್ರ ಅದು ಧರ್ಮ ಆಗ್ತಿತ್ತಲೇ. ಆ ಹುಡುಗಿ ಖರೇ ಏನ್ರಿ ಅಂತ ಕೇಳಾಕ ಹಿಂದಮುಂದ ನೋಡ್ತಿದ್ಲು. ರೊಕ್ಕಾ ಕೊಟ್ಟು ಬಂದಾರ, ಕೇಳ್ತಾರ, ನಾ ಹೇಳಬೇಕು." ಸೊಲ್ಲಾಪುರದ ರೈಲು ಬರುವ ಹೊತ್ತಾಗಿತ್ತು. ಪೆಡಲ್ ಜೋರಾಗಿ ತುಳಿಯುತ್ತ ಸ್ಟೇಷನ್ ಕಡೆ ಹೊರಟರು.