ಕೊಲೋನ್ ನಗರದ ಬಣ್ಣದ ಗವಾಕ್ಷ

ಕಳೆದ ವೈಶಾಖಮಾಸದಲ್ಲಿ ನಾನು ಮಗಳ ಮನೆಗೆಂದು ಜರ್ಮನಿ ದೇಶದ ಬಾನ್ ನಗರಕ್ಕೆ ಹೋಗಿದ್ದೆನು. ಅಲ್ಲಿಂದ ಕೊಲೋನ್ ನಗರವು ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆಯೇ ಆ ಊರಿನ ಮಹಾದೇವಾಲಯವು ಎದುರಿಗೆ ಬಂದು ನಿಲ್ಲುವುದು. 157 ಮೀಟರು ಎತ್ತರದ ಜೋಡಿ ಗೋಪುರಗಳನ್ನು ನೋಡಹೋದರೆ ತಲೆಯ ಟೋಪಿ ಹಿಂದಕ್ಕೆ ಬೀಳುವುದೇ ಸರಿ. 1248ರಲ್ಲಿ ಅಸ್ತಿಭಾರವಾಗಿ, 16ನೆಯ ಶತಮಾನದಲ್ಲಿ ಕೆಲಸ ನಿಂತುಹೋಗಿ, 1842ರಲ್ಲಿ ಮತ್ತೆ ಮೊದಲಾಗಿ, 1880ರಲ್ಲಿ ಮುಗಿದ ಕಟ್ಟಡವಿದು. ಶಾಲೆಯ ಒಂದು ಕೊಠಡಿಯ ಚಾವಣಿಗಾಗಿ ಹದಿನಾಲ್ಕು ವರ್ಷ ಕಾದವನಾದ ನನಗೆ ಈ ಸಂಗತಿಯಿಂದ ಬಹಳ ಸಮಾಧಾನವಾಯಿತು.

ದೇವಾಲಯದ ವಿಸ್ತಾರವನ್ನೂ, ಮೂವರು ಜ್ಞಾನಿರಾಜರ ಸ್ವರ್ಣಪೇಟಿಕೆಯನ್ನೂ ವರ್ಣಿಸತೊಡಗಿದರೆ ಈ ಲೇಖನಕ್ಕೆ ಕೊನೆಯಿರದು. ನಾನು ಹೇಳಬೇಕೆಂದಿರುವುದು ದಕ್ಷಿಣ ಬಾಹುವಿನ ಒಂದೇ ಒಂದು ಗವಾಕ್ಷದ ಮಾತು.

ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ಹಳೆಯ ಚಿತ್ರಗಾಜು ನಾಶವಾಯಿತು. ಅನಂತರ ಹಾಕಿದ ತಿಳಿಗಾಜಿನಿಂದ ಬಿಸಿಲು ಕಣ್ಣುಕುಕ್ಕುವಂತೆ ಒಳಗೆ ಬೀಳುತ್ತಿದ್ದಿತು. ಹೊಸ ಗವಾಕ್ಷಕ್ಕೆಂದು ದೇವಾಲಯದವರು ಗೆರ್ಹಾರ್ಡ್ ರಿಕ್ಟರ್ ಎಂಬ ಪ್ರಖ್ಯಾತ ಚಿತ್ರಕಾರರನ್ನು ಕೇಳಿಕೊಂಡರು. ಧರ್ಮಕ್ಕಾಗಿ ಪ್ರಾಣತೆತ್ತ 20ನೆಯ ಶತಮಾನದ ಹುತಾತ್ಮರನ್ನು ಬರೆಯಬೇಕೆಂಬುದು ಅವರ ಮೊದಲ ಅಪೇಕ್ಷೆ. ರಿಕ್ಟರರು ಯತ್ನಿಸಿ ನೋಡಿ ಕೈಬಿಟ್ಟರು. ಆಮೇಲೆ ಒಂದು ದಿನ, 1974ರಲ್ಲಿ ತಾವೇ ಬರೆದಿದ್ದ ಒಂದು ಚಿತ್ರದ ಪ್ರತಿಯ ಮೇಲೆ ಗವಾಕ್ಷದ ಕಲ್ಲುಚೌಕಟ್ಟಿನ ನಕ್ಷೆಯನ್ನಿಟ್ಟು ನೋಡಿದರಂತೆ. 1024 ಬಣ್ಣಗಳನ್ನು ನಾಲ್ಕು ನಾಲ್ಕು ಸಲ, ಮನಬಂದಂತೆ ಎನ್ನುವುದಕ್ಕಿಂತ ದಾಳ ಬಿದ್ದಂತೆ, ಚೌಕಗಳಲ್ಲಿ ಹರಡಿದ್ದ ಚಿತ್ರವದು. ಬೇಕಾದುದು ಅಲ್ಲೇ ಕಂಡಿತು.

ಈ ಗವಾಕ್ಷಕ್ಕೆ ಅವರು ಆರಿಸಿಕೊಂಡ ಬಣ್ಣಗಳು 72. ಎಲ್ಲವೂ ದೇವಾಲಯದ ಹಳೆಯ ಗಾಜುಗಳಲ್ಲಿ ಇದ್ದಂಥವೇ. ಅಂಗೈಯಗಲದ ಗಾಜಿನ ಚೌಕಗಳು 11,000ಕ್ಕೂ ಮಿಕ್ಕು ಇವೆ. ಯಾವ ಚೌಕಕ್ಕೆ ಯಾವ ಬಣ್ಣವೆಂಬುದನ್ನು ಗಣಕಯಂತ್ರವು ಯದೃಚ್ಛೆಯಿಂದ ಹಂಚಿತು. ಆದರೆ ಎಲ್ಲವನ್ನೂ ಯದೃಚ್ಛೆಗೇ ಒಪ್ಪಿಸಲಿಲ್ಲ. ಕೆಲವು ಪಟ್ಟಿಗಳು ಬೇರೆ ಪಟ್ಟಿಗಳ ಕನ್ನಡಿಬಿಂಬಗಳಾಗಿರಬೇಕೆಂಬ ವಿಧಿಯೂ ಉಂಟು. 2007ನೆಯ ಆಗಸ್ಟ್ ತಿಂಗಳಲ್ಲಿ ಇದರ ಅನಾವರಣವಾಯಿತು. ಆಗ ಅಲ್ಲಿನ ಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಮೈಸ್ನರರು ಸಮಾರಂಭಕ್ಕೆ ಬರಲಿಲ್ಲ. ಇದು ಮಸೀದಿಗೋ ಮತ್ತಾವುದಾದರೂ ಪ್ರಾರ್ಥನಾಮಂದಿರಕ್ಕೋ ಹೆಚ್ಚು ಹೊಂದುವುದೆಂದು ಅವರು ಅಸಮಾಧಾನಪಟ್ಟರು.

ಮಗಳು ಇದನ್ನೆಲ್ಲ ಹೇಳಿದಾಗ, ಮುಚ್ಚುಮರೆಯೇಕೆ, ನಾನೂ ಕಾರ್ಡಿನಲರ ಪಕ್ಷವನ್ನೇ ವಹಿಸಿದೆನು. ಛಂದಶ್ಶಾಸ್ತ್ರದ ಪ್ರಸ್ತಾರವನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಕೈ ನನ್ನದು. ಆರಕ್ಷರದ ಪಾದಕ್ಕೆ 64 ಭೇದಗಳು. ಪಿಂಗಲನ ಸೂತ್ರದಂತೆ ಗುರುಲಘುಗಳನ್ನಿಡುತ್ತ ಹೋದರೆ ಒಂದೂ ತಪ್ಪದೆ, ಒಂದೂ ಎರಡು ಸಲ ಬಾರದೆ ಮುಗಿಯುವುದು. ಯಂತ್ರವಿಧಿಯೆಂದರೆ ಅದಲ್ಲವೇ! ಇಲ್ಲಿಯಾದರೋ 72 ಬಣ್ಣಗಳ ಪ್ರಸ್ತಾರವನ್ನು ಕಲ್ಪಾಂತದವರೆಗೆ ಬರೆದರೂ ಮುಗಿಯದು. ಅದರಲ್ಲಿ ಕಣ್ಣುಮುಚ್ಚಿ ಒಂದನ್ನು ತೆಗೆದು ದೇವರ ಮನೆಯಲ್ಲಿ ನಿಲ್ಲಿಸುವುದೇ? ಮರಕೊರೆಯುವ ಹುಳು ಅಕ್ಷರದಂಥ ಗೆರೆಯನ್ನು ಕೊರೆದರೂ ಅದನ್ನು ಬರೆಹವೆನ್ನಲಾಗದೆಂಬ ಘುಣಾಕ್ಷರನ್ಯಾಯವನ್ನು ರೈಲಿನಲ್ಲಿಯೇ ಮಗಳಿಗೆ ವಿವರಿಸಿದೆನು. "ಅಪ್ಪ, ಹಾಗೆ ಅಕ್ಷರದಂತೆಯೋ ಆಕೃತಿಯಂತೆಯೋ ತೋರಿದ ಕಡೆ ಮಾತ್ರ ಆ ಚಿತ್ರಕಾರರು ಚೌಕಗಳನ್ನು ಬದಲಿಸಿದರಂತೆ" ಎಂದಳು. ಹುಳು ತಾನೇ ಕೊರೆದ ಅಕ್ಷರವನ್ನು ತಾನೇ ಅಳಿಸಿತೆಂದಾಯಿತು! ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಹೆಸರಿಲ್ಲವೆಂದು ನಾನು ಸುಮ್ಮನಾದೆನು.

ನಾವು ಒಳಗೆ ಹೋದಾಗ ಮಧ್ಯಾಹ್ನವಾಗಿದ್ದಿತು. ದಕ್ಷಿಣದ ಬಿಸಿಲು ಆ ಗವಾಕ್ಷದ ಮೂಲಕ ಇಳಿದು, ಬೂದುಬಣ್ಣದ ಕಂಬಗಳ ಮೇಲೂ ನೆಲದ ಮೇಲೂ ಕೆಂಪು, ಹಸುರು, ಹಳದಿ ತೇಪೆಗಳನ್ನು ಚೆಲ್ಲಿದ್ದಿತು. ಮೋಡ ಕವಿದಾಗ ಅವು ಆರಿಹೋಗುತ್ತಿದ್ದುವು. ಮತ್ತೆ ಬಿಸಿಲು ಬಂದಾಗ ಬಂದವರ ಹೆಗಲಮೇಲೆ ಕುಳಿತುಕೊಳ್ಳುತ್ತಿದ್ದುವು. ಒಬ್ಬ ಮುದುಕಿಯ ಬಿಳಿಯ ಶಾಲು ಕ್ಷಣಮಾತ್ರದಲ್ಲಿ ಇಳಕಲ್ ಸೀರೆಯಂತಾದುದನ್ನು ನಾನೇ ಕಂಡೆನು.

ಒಂಬತ್ತು ವರ್ಷದ ಮೊಮ್ಮಗಳು ಗವಾಕ್ಷದಲ್ಲಿ ಆಕೃತಿಗಳನ್ನು ಹುಡುಕತೊಡಗಿದಳು. "ತಾತ, ಆ ಹಸುರಿನ ಪಕ್ಕದಲ್ಲಿ ನೀಲಿಯ ಮೆಟ್ಟಿಲು!" ಎಂದು ಕೈತೋರಿದಳು. ನನಗೆ ಕಾಣಲಿಲ್ಲ. ಇಲ್ಲಿ ವಾಚಕರಿಗೆ ಒಂದು ಮಾತನ್ನು ತಿಳಿಸಬೇಕು. ಪ್ರಯಾಣಕ್ಕೆ ಮುನ್ನ ನನ್ನ ಬಲಗಣ್ಣಿನ ಪೊರೆಯನ್ನು ತೆಗೆಸಿಕೊಂಡಿದ್ದೆನು. ಎಡಗಣ್ಣಿನದನ್ನೂ ತೆಗೆಸೆಂದು ವೈದ್ಯರೂ ಮಗಳೂ ಎಷ್ಟು ಹೇಳಿದರೂ, ಇನ್ನುಳಿದ ಓದಿಗೆ ಒಂದು ಕಣ್ಣು ಸಾಕೆಂದು ತಳ್ಳಿಹಾಕಿದ್ದೆನು. ನಿಜವಾಗಿ ನನಗಿದ್ದುದು ಭಯ. ಆ ಹೊತ್ತಿನಲ್ಲಿ ನಾನು ಕಂಬವೊಂದರ ಮರೆಯಿಂದ ಎಡಗಣ್ಣಿನಲ್ಲಿ ಮಾತ್ರ ನೋಡುತ್ತಿದ್ದೆನು. ಒಂದು ಹೆಜ್ಜೆ ಸರಿದೆನು. ಬಲಗಣ್ಣಿಗೆ ಮೆಟ್ಟಿಲು ಕಂಡಿತು, ನವಿಲ ಕತ್ತಿನ ನೀಲಿ. ಬಲಗಣ್ಣನ್ನು ಮುಚ್ಚಿದೆನು, ನೀಲಿಯೆಲ್ಲ ಕಂದಿ ಮಸಿಯಾಯಿತು, ಬಿಳುಪೆಲ್ಲ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿತು. ಹೀಗೆ ಹತ್ತಾರು ಸಲ ಕಣ್ಣುಮುಚ್ಚಾಲೆಯಾಡಿದೆನು. 72 ಬಣ್ಣಗಳಲ್ಲಿ ಎಡಗಣ್ಣಿನ ಪಾಲಿಗೆ ಅರ್ಧವಾದರೂ ಬಂದವೋ ಇಲ್ಲವೋ. ರಾಜರನ್ನೋ ಸಂತರನ್ನೋ ಬರೆದಿದ್ದ ಗಾಜಾಗಿದ್ದರೆ, ಕಥೆಯನ್ನು ಗುರುತಿಸಿದ ತೃಪ್ತಿಯಲ್ಲಿ ಈ ನಷ್ಟ ನನ್ನ ಗಮನಕ್ಕೆ ಬರುತ್ತಲೇ ಇರಲಿಲ್ಲ. ಇಲ್ಲಿ ಓದುವುದಕ್ಕೆ ಏನೂ ಇಲ್ಲ. ಬಣ್ಣವನ್ನಲ್ಲದೆ ಬೇರೇನನ್ನು ನೋಡುವುದು?

ದೇವರ ಮನೆಗೆ ಇದು ತಕ್ಕುದೋ ಅಲ್ಲವೋ ಎಂಬ ವಾದವನ್ನು ನಾನು ಇನ್ನೂ ಬಿಟ್ಟುಕೊಟ್ಟಿಲ್ಲ, ಮಗಳೂ ಬಿಟ್ಟಿಲ್ಲ. ಆದರೆ ಮುಚ್ಚುವ ಸಮಯವೇನೋ ಎಂಬಂತೆ ಅವಳು ಎರಡು ಸಲ ಕರೆದರೂ ನಾನು ಬೆಂಚಿನಿಂದ ಏಳಲಿಲ್ಲ. ನೆಲದ ಮೇಲಿನ ತೇಪೆಗಳು ನಮ್ಮ ಕಾಲಬಳಿಯಿಂದ ಮುಂದಿನ ಕಂಬದ ಬುಡಕ್ಕೆ ಸರಿದುವು. ಹಿಂದಿರುಗುವಾಗ ರೈಲಿನಲ್ಲಿ, ಊರಿಗೆ ಹೋದೊಡನೆ ಎಡಗಣ್ಣಿಗೆ ದಿನ ಗೊತ್ತುಮಾಡುವಂತೆ ವೈದ್ಯರಿಗೆ ಬರೆಯೆಂದು ಮಗಳಿಗೆ ಹೇಳಿದೆನು. ಅವಳು ಕಾರಣವನ್ನು ಕೇಳಲಿಲ್ಲ. ಮೊಮ್ಮಗಳು ಮಾತ್ರ, "ತಾತ, ಮುಂದಿನ ಸಲ ನಿನಗಿಂತ ಮೊದಲು ಹತ್ತು ಮೆಟ್ಟಿಲು ಹುಡುಕುತ್ತೇನೆ" ಎಂದು ಪಂಥ ಕಟ್ಟಿದಳು.