ಪರದೆಯಲ್ಲಿ 8180, ಓಡುತ್ತಿರುವುದು 8080

ಟರ್ಮಿನಲ್‌ನಲ್ಲಿ ಲಾಗ್ ಸಾಲುಗಳು ಸರಸರನೆ ಓಡಿ ನಿಂತಿವೆ. ವೈಲ್ಡ್‌ಫ್ಲೈ ಅಪ್ಲಿಕೇಶನ್ ಸರ್ವರ್ ಎದ್ದಿದೆ. ನೀವು ಬ್ರೌಸರ್ ತೆರೆದು ಲೋಕಲ್‌ಹೋಸ್ಟ್, ಪೋರ್ಟ್ 9990 ಎಂದು ಟೈಪ್ ಮಾಡುತ್ತೀರಿ. ಲಾಗಿನ್ ಪುಟ ಬರುವುದಿಲ್ಲ. ಸರ್ವರ್ ಓಡುತ್ತಿದೆ, ಆದರೆ ಆಡಳಿತ ಕನ್ಸೋಲಿಗೆ ನೀವಿನ್ನೂ ಯಾವ ಬಳಕೆದಾರರನ್ನೂ ಸೇರಿಸಿಲ್ಲ ಎಂಬ ಸೂಚನೆ ಬರುತ್ತದೆ. ಮತ್ತೆ ಟರ್ಮಿನಲ್‌ಗೆ ಹೋಗಿ ಆಡ್-ಯೂಸರ್ ಸ್ಕ್ರಿಪ್ಟ್ ಓಡಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟ ಮೇಲೆಯೇ ಒಳಗೆ ಪ್ರವೇಶ.

ಕಿರಿಕಿರಿ ಅನಿಸಿದರೆ ಇದೇ ಮನೆತನದ ಹಳೆಯ ಸರ್ವರ್ ಜೆಬಾಸ್ 4ರ ಜೆಎಂಎಕ್ಸ್ ಕನ್ಸೋಲನ್ನು ನೆನೆಯಿರಿ. ಸರ್ವರ್‌ನೊಳಗಿನ ಎಂಬೀನ್‌ಗಳೆಲ್ಲ, ಅಂದರೆ ಆಡಳಿತಕ್ಕೆ ಸಿಗುವ ಜಾವಾ ವಸ್ತುಗಳೆಲ್ಲ, ಅಲ್ಲಿ ಉದ್ದನೆಯ ಪಟ್ಟಿಯಾಗಿ ನಿಂತಿರುತ್ತಿದ್ದವು, ಒಂದೊಂದು ಕ್ರಿಯೆಯ ಪಕ್ಕದಲ್ಲೂ 'ಇನ್ವೋಕ್' ಬಟನ್. ಅದರ ಭದ್ರತಾ ನಿಯಮದಲ್ಲಿ ಗೆಟ್ ಮತ್ತು ಪೋಸ್ಟ್ ಕೋರಿಕೆಗಳನ್ನಷ್ಟೇ ಹೆಸರಿಸಲಾಗಿತ್ತು. ಹೆಡ್ ಕೋರಿಕೆ ಕಳಿಸಿದವರಿಗೆ ಪಾಸ್‌ವರ್ಡ್ ಇಲ್ಲದೆಯೇ ಬಾಗಿಲು ತೆರೆಯುತ್ತಿತ್ತು. 2010ರಲ್ಲಿ ಈ ಲೋಪ ಬಯಲಾಯಿತು, ಪ್ಯಾಚ್ ಕೂಡ ಬಂತು. ಪ್ಯಾಚ್ ಹಾಕದೆ ಉಳಿದ ಸರ್ವರ್‌ಗಳಿಗೆ 2011ರ ಅಕ್ಟೋಬರ್‌ನಲ್ಲಿ ಒಂದು ವರ್ಮ್ ನುಗ್ಗಿತು. ಈಗ ನಿಮ್ಮ ಮುಂದಿರುವ ಕನ್ಸೋಲ್ ಸಿದ್ಧ ಪಾಸ್‌ವರ್ಡ್ ಇಟ್ಟುಕೊಂಡು ಬರುವುದಿಲ್ಲ. ನೀವಾಗಿ ಬದಲಿಸುವ ತನಕ 127.0.0.1 ವಿಳಾಸಕ್ಕಷ್ಟೇ ಉತ್ತರಿಸುತ್ತದೆ. ಮೊದಲ ಪುಟದಲ್ಲೇ ತಡೆದು ನಿಲ್ಲಿಸುವುದು ಸರಿಯಾದ ವಿನ್ಯಾಸ ಎಂದೇ ನನ್ನ ನಂಬಿಕೆ.

ಒಳಗೆ ಬಂದಿರಿ. ಕಾನ್ಫಿಗರೇಶನ್ ಒತ್ತುತ್ತೀರಿ. ಎಡದಿಂದ ಬಲಕ್ಕೆ ಅಂಕಣಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಸಾಕೆಟ್ ಬೈಂಡಿಂಗ್‌ಗಳ ಪಟ್ಟಿಯಲ್ಲಿ ಎಚ್‌ಟಿಟಿಪಿ ಸಾಲು, ಅದರ ಪೋರ್ಟ್ 8080. ಎಡಿಟ್. 8080 ಅಳಿಸಿ 8180 ಬರೆಯುತ್ತೀರಿ. ಸೇವ್. ಬದಲಾವಣೆ ಯಶಸ್ವಿ ಎಂಬ ಸಂದೇಶ ಕ್ಷಣಕಾಲ ಮಿಂಚಿ ಹೋಗುತ್ತದೆ.

"ಆಯ್ತಾ ಮೇಡಂ? ಟಿಕೆಟ್ ಕ್ಲೋಸ್ ಮಾಡ್ಲಾ?" ಪಕ್ಕದ ಡೆಸ್ಕಿನ ಹುಡುಗ ಕೇಳುತ್ತಾನೆ.

"ಇರಪ್ಪ, ಒಂದ್ನಿಮಿಷ."

ಇನ್ನೊಂದು ಟ್ಯಾಬ್‌ನಲ್ಲಿ 8180 ತೆರೆಯಲು ನೋಡುತ್ತೀರಿ. ಸಂಪರ್ಕ ಸಿಗುವುದಿಲ್ಲ. 8080 ತೆರೆಯುತ್ತೀರಿ, ಸ್ವಾಗತ ಪುಟ ಎಂದಿನಂತೆ ಬರುತ್ತದೆ. ಸ್ಟ್ಯಾಂಡಲೋನ್ ಎಕ್ಸ್‌ಎಂಎಲ್ ಫೈಲ್ ತೆಗೆದು ನೋಡಿದರೆ ಅಲ್ಲಿ ಸ್ಪಷ್ಟವಾಗಿ 8180. ಫೈಲ್‌ನಲ್ಲಿರುವುದೂ ಕನ್ಸೋಲ್ ಪುಟದಲ್ಲಿರುವುದೂ ಒಂದೇ. ಸರ್ವರ್ ಮಾತ್ರ ಹಳೆಯ ಪೋರ್ಟಿನಲ್ಲೇ ಕೂತಿದೆ. ರಿಲೋಡ್ ಆಗಬೇಕಿದೆ ಎಂಬ ಸೂಚನೆಯೂ ಪರದೆಯ ಮೇಲಿದೆ, ನಿಜ. ಆದರೆ ಕಣ್ಣು ಮೊದಲು ಹೋಗಿದ್ದು 'ಯಶಸ್ವಿ' ಎಂಬುದರ ಕಡೆಗೆ.

ಸರ್ವರ್ ಸುಳ್ಳು ಹೇಳಿಲ್ಲ. ಇದೇ ಬದಲಾವಣೆಯನ್ನು ವೈಲ್ಡ್‌ಫ್ಲೈ ಜೊತೆಗೇ ಬರುವ ಜೆಬಾಸ್ ಕಮಾಂಡ್ ಲೈನ್‌ನಲ್ಲಿ ಮಾಡಿ ನೋಡಿ. ಉತ್ತರದ ಮೊದಲ ಸಾಲು ಯಶಸ್ಸು, ಕೆಳಗಿನ ಸಾಲುಗಳಲ್ಲಿ 'ರಿಲೋಡ್ ಅಗತ್ಯ'. ಕನ್ಸೋಲಿಗೂ ಕಮಾಂಡ್ ಲೈನ್‌ಗೂ ಆಡಳಿತದ ಮಾದರಿ ಒಂದೇ. ಕನ್ಸೋಲಿಗೆಂದು ಪ್ರತ್ಯೇಕ ಹಿಂಬಾಗಿಲಿಲ್ಲ. ಇಲ್ಲಿ ಮೌಸ್ ಹಿಡಿದು ಮಾಡಿದ್ದನ್ನು ನಾಳೆ ಸ್ಕ್ರಿಪ್ಟ್ ಬರೆದು ಇತರ ಸರ್ವರ್‌ಗಳಲ್ಲೂ ಮಾಡಬಹುದು. ಈ ನಿರ್ಧಾರ ಮಾಡಿದವರ ಬಗ್ಗೆ ನನಗೆ ತುಂಬು ಗೌರವವಿದೆ.

ವೆಬ್‌ಲಾಜಿಕ್ ಎಂಬ ಇನ್ನೊಂದು ಅಪ್ಲಿಕೇಶನ್ ಸರ್ವರ್‌ನವರು ಹಿಡಿದ ದಾರಿ ಬೇರೆ. ಅವರ ಹಳೆಯ ಕನ್ಸೋಲಿನಲ್ಲಿ, ಪ್ರೊಡಕ್ಷನ್ ಮೋಡ್ ಆಗಿದ್ದರೆ, ಎಡಮೂಲೆಯ 'ಲಾಕ್ ಅಂಡ್ ಎಡಿಟ್' ಒತ್ತುವ ತನಕ ಸೆಟ್ಟಿಂಗ್‌ಗಳನ್ನು ಮುಟ್ಟುವಂತಿರಲಿಲ್ಲ. ಒಬ್ಬರು ಲಾಕ್ ಹಿಡಿದಿದ್ದರೆ ಇನ್ನೊಬ್ಬರು ನೇರವಾಗಿ ಎಡಿಟ್ ಮಾಡುವಂತಿರಲಿಲ್ಲ. ಸೇವ್ ಮಾಡಿದ್ದು ಬಾಕಿ ಪಟ್ಟಿಯಲ್ಲಿ ಕೂರುತ್ತಿತ್ತು. 'ಆಕ್ಟಿವೇಟ್ ಚೇಂಜಸ್' ಒತ್ತಿದಾಗ ಎಲ್ಲ ಸರ್ವರ್‌ಗಳೂ ಸಿದ್ಧವೇ ಎಂದು ಮೊದಲು ವಿಚಾರಿಸಿ, ಆಮೇಲೆ ಜಾರಿ. ಎರಡು ಕ್ಲಿಕ್ ಹೆಚ್ಚಾಯಿತೆಂದು ಗೊಣಗುವವರಿದ್ದಾರೆ. ಸೇವ್ ಆದದ್ದೂ ಜಾರಿಯಾದದ್ದೂ ಒಂದೇ ಅಲ್ಲವೆಂದು ಕೈಗೇ ಗೊತ್ತಾಗುವಂತೆ ಮಾಡಿದ್ದು ಆ ಎರಡು ಕ್ಲಿಕ್‌ಗಳೇ.

ಈಗ ವೈಲ್ಡ್‌ಫ್ಲೈನ ರಿಲೋಡ್ ಮೇಲೆ ನಿಮ್ಮ ಬೆರಳಿದೆ. ಖಚಿತವೇ ಎಂದು ಕೇಳುವ ಪೆಟ್ಟಿಗೆ ಬಂದರೆ ಬೆರಳು ತಾನಾಗಿ 'ಹೌದು' ಒತ್ತಿಬಿಡುತ್ತದೆ, ದಿನವಿಡೀ ಇದೇ ಕೆಲಸ ಮಾಡುವವರಿಗಂತೂ ಅದು ಕಣ್ಣಿಗೇ ಬೀಳುವುದಿಲ್ಲ. ಯಾವ ಸರ್ವರ್, ಯಾವ ಅಪ್ಲಿಕೇಶನ್‌ಗಳು, ಈ ಗಳಿಗೆಯಲ್ಲಿ ಎಷ್ಟು ಸೆಷನ್‌ಗಳು ಜೀವಂತ ಎಂದು ಆ ಪೆಟ್ಟಿಗೆಯಲ್ಲಿ ಬರೆದಿದ್ದರೆ ಬೆರಳು ಒಂದು ಕ್ಷಣವಾದರೂ ತಡೆಯುತ್ತದೆ. ಸೆಷನ್‌ಗಳನ್ನು ಉಳಿಸುವ ಏರ್ಪಾಡು ಮೊದಲೇ ಮಾಡಿರದಿದ್ದರೆ, ಆ ಹೊತ್ತಿಗೆ ಫಾರಂ ತುಂಬುತ್ತಿರುವವರು ಮತ್ತೆ ಲಾಗಿನ್ ಪುಟದಿಂದಲೇ ಶುರು ಮಾಡಬೇಕಾಗುತ್ತದೆ.

ಒತ್ತುತ್ತೀರಿ. ಟರ್ಮಿನಲ್‌ನಲ್ಲಿ ಸೇವೆಗಳು ಒಂದೊಂದಾಗಿ ನಿಂತು ಮತ್ತೆ ಏಳುತ್ತವೆ. ಜಾವಾ ಪ್ರೋಸೆಸ್ ಸತ್ತಿಲ್ಲ, ಅದರ ಐಡಿ ಹಿಂದಿನದೇ. 8180 ತೆರೆಯುತ್ತದೆ, 8080 ಸಂಪರ್ಕ ನಿರಾಕರಿಸುತ್ತದೆ. ಕಾನ್ಫಿಗರೇಶನ್ ಫೋಲ್ಡರ್‌ನ ಹಿಸ್ಟರಿ ಡೈರೆಕ್ಟರಿಯಲ್ಲಿ ಹಳೆಯ ಫೈಲ್ ಭದ್ರವಾಗಿದೆ, ಹಿಂದಕ್ಕೆ ಹೋಗಬೇಕೆಂದರೆ ದಾರಿಯಿದೆ.

"ಈಗ ಕ್ಲೋಸ್ ಮಾಡು."

ಕನ್ಸೋಲ್ ಕಟ್ಟುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಒಂದು ಅಟ್ರಿಬ್ಯೂಟ್ ಬದಲಿಸಿದರೆ ರೀಸ್ಟಾರ್ಟ್ ಬೇಕೇ, ಎಷ್ಟರ ಮಟ್ಟಿಗೆ ಬೇಕು ಎಂಬ ವಿವರವನ್ನು ವೈಲ್ಡ್‌ಫ್ಲೈ ತನ್ನ ಮಾದರಿಯಲ್ಲೇ ಇಟ್ಟುಕೊಂಡಿದೆ. ಅದನ್ನು ಸೇವ್ ಬಟನ್‌ನ ಪಕ್ಕದಲ್ಲಿ, ಒತ್ತುವ ಮೊದಲೇ ಹೇಳಿ. ಸಾಕೆಟ್ ಬೈಂಡಿಂಗ್‌ನಲ್ಲಿ 'ಪೋರ್ಟ್' ಅಲ್ಲದೆ 'ಬೌಂಡ್ ಪೋರ್ಟ್' ಎಂಬ ಇನ್ನೊಂದು ಮೌಲ್ಯವೂ ಇದೆ. ಸರ್ವರ್ ಈ ಕ್ಷಣ ಕೂತಿರುವ ಪೋರ್ಟ್ ಅದು. ಎರಡನ್ನೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ತೋರಿಸಿ.